ಹಗಲಲ್ಲಿ ದೀಪವೇಕೆ?

ಮಕ್ಕಳೇ, ಹಾಡಹಗಲಿನಲ್ಲಿ ಬೈಕೊಂದು ಮುಂದಿನ ದೀಪ ಉರಿಸಿಕೊಂಡು ಬರುತ್ತಿರುತ್ತದೆ. ಎದುರಿಗೆ ಬಂದವರು ಬೆರಳುಗಳನ್ನು ಮುಚ್ಚಿ ತೆರೆದು, “ಲೈಟ್ ಉರೀತಿದೆ, ಆಫ್ ಮಾಡಿ” ಎಂದು ಸನ್ನೆ ಮಾಡುತ್ತಾರೆ. ಇದನ್ನು ನೀವೂ ನೋಡಿರಬಹುದು. ಆದರೆ ಸವಾರರು ದೀಪ ಆರಿಸಲು ಮರೆತದ್ದಲ್ಲ! ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಮುಂದಿನ ದೀಪ ತಾನಾಗಿಯೇ ಉರಿಯಬೇಕೆಂಬ ನಿಯಮವಿದೆ. ಅನೇಕ ಕಾರುಗಳಲ್ಲೂ ಹೀಗೆ ಹಗಲಲ್ಲಿ ಉರಿಯುವ ದೀಪಗಳಿವೆ. ಸೂರ್ಯನ ಬೆಳಕು ಇರುವಾಗ ಈ ದೀಪ ಏಕೆ ಬೇಕು?

ನೋಡಲು ಅಲ್ಲ, ಕಾಣಿಸಲು

ರಾತ್ರಿ ಹೆಡ್‌ಲೈಟ್ ಉರಿಸುವುದು ಚಾಲಕನಿಗೆ ರಸ್ತೆ ಕಾಣಲೆಂದು. ಹಗಲಿನ ದೀಪದ ಕೆಲಸ ಬೇರೆ. ಅದು ವಾಹನವನ್ನು ಇತರರಿಗೆ ಕಾಣಿಸುತ್ತದೆ.

ಕರಿಹಲಗೆಯ ಮೇಲೆ ಇದ್ದಿಲಿನಿಂದ ಬರೆದರೆ ಅಕ್ಷರ ಕಾಣುವುದೇ? ಇಲ್ಲ. ಬಿಳಿ ಸೀಮೆಸುಣ್ಣದಿಂದ ಬರೆದರೆ ಕಾಣುತ್ತದೆ. ಒಂದು ವಸ್ತು ಕಣ್ಣಿಗೆ ಬೀಳಬೇಕಾದರೆ ಅದಕ್ಕೂ ಅದರ ಹಿನ್ನೆಲೆಗೂ ವ್ಯತ್ಯಾಸವಿರಬೇಕು. ಸಾಲುಮರಗಳ ನೆರಳಿನಲ್ಲಿ ಬರುವ ಕಪ್ಪು ಕಾರು, ಮಂಜಿನಲ್ಲಿ ಬರುವ ಬಿಳಿ ಕಾರು, ಮಳೆಯಲ್ಲಿ ಬರುವ ಬೂದು ಬಣ್ಣದ ಕಾರು ಹಿನ್ನೆಲೆಯಲ್ಲೇ ಬೆರೆತುಹೋಗುತ್ತವೆ. ದೀಪ ಹೊತ್ತಿಸಿದರೆ ದೂರದಿಂದಲೇ ತಿಳಿಯುತ್ತದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನೀವು ಅದನ್ನು ಒಂದು ಸೆಕೆಂಡ್ ಮೊದಲೇ ಗಮನಿಸಿದರೆ, ಅದು ನಿಮ್ಮಿಂದ 17 ಮೀಟರ್ ಹೆಚ್ಚು ದೂರದಲ್ಲಿರುತ್ತದೆ. ರಸ್ತೆ ದಾಟುವವರ ಜೀವ ಉಳಿಯಲು ಅಷ್ಟು ದೂರ ಸಾಕಾಗಬಹುದು.

ಮೊದಲು ಎಲ್ಲಿ?

ಭೂಮಿಯ ಉತ್ತರ ಭಾಗದಲ್ಲಿರುವ ಸ್ವೀಡನ್ ದೇಶದಲ್ಲಿ ಚಳಿಗಾಲದ ಹಗಲು ಬಹಳ ಚಿಕ್ಕದು. ಸೂರ್ಯ ಮಧ್ಯಾಹ್ನವೂ ಹೆಚ್ಚು ಮೇಲೇರುವುದಿಲ್ಲ. ಮುಸ್ಸಂಜೆಯಂಥ ಮಬ್ಬು ಬೆಳಕು ಬಹಳ ಹೊತ್ತು ಇರುತ್ತದೆ. ಅಲ್ಲಿ 1977ರಿಂದ ವರ್ಷವಿಡೀ ಹಗಲಲ್ಲೂ ದೀಪ ಉರಿಸುವುದು ಕಡ್ಡಾಯವಾಯಿತು. ಕೆನಡಾದಲ್ಲಿ 1989ರ ಡಿಸೆಂಬರ್ 1ರ ನಂತರ ತಯಾರಾದ ಕಾರುಗಳಿಗೆ ಹಗಲು ದೀಪ ಇರಲೇಬೇಕೆಂದು ನಿಯಮ ಬಂದಿತು.

ಹೆಡ್‌ಲೈಟನ್ನೇ ಹಗಲಲ್ಲೂ ಪೂರ್ತಿ ಉರಿಸಿದರೆ ಆಗದೇ? ಆಗುತ್ತದೆ. ಆದರೆ ಕಾರಿನ ದೀಪಕ್ಕೆ ಬೇಕಾದ ವಿದ್ಯುತ್ತನ್ನು ಎಂಜಿನ್ನಿನಿಂದ ತಿರುಗುವ ಆಲ್ಟರ್ನೇಟರ್ ಉತ್ಪಾದಿಸುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಬೇಕು. ಹೀಗೆ ದೀಪವೂ ಸ್ವಲ್ಪ ಪೆಟ್ರೋಲ್ ಕುಡಿಯುತ್ತದೆ! ಬಲ್ಬೂ ಬೇಗ ಸವೆಯುತ್ತದೆ. ಅದಕ್ಕಾಗಿ ಕೆಲವು ಕಾರುಗಳಲ್ಲಿ ಒಂದು ಸರಳ ಉಪಾಯ ಮಾಡಿದರು. ಅದನ್ನು ನೀವೇ ಮಾಡಿ ನೋಡಬಹುದು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಟಾರ್ಚಿನ 2 ಶುಷ್ಕಕೋಶಗಳು, ಒಂದೇ ಬಗೆಯ 2 ಟಾರ್ಚ್ ಬಲ್ಬುಗಳು, ವೈರ್ ತುಂಡುಗಳು, ಅಂಟುಪಟ್ಟಿ.

1. ಎರಡು ಕೋಶಗಳನ್ನು ಒಂದರ ಹಿಂದೆ ಒಂದು ಜೋಡಿಸಿ. ಎರಡೂ ಬಲ್ಬುಗಳಿಗೆ ಕೋಶಗಳಿಂದ ಬೇರೆ ಬೇರೆ ವೈರ್ ಕೊಡಿ. ಇದು ಸಮಾಂತರ ಜೋಡಣೆ. ಬಲ್ಬುಗಳು ಪ್ರಕಾಶಮಾನವಾಗಿ ಉರಿಯುತ್ತವೆ.

2. ಈಗ ವಿದ್ಯುತ್ತು ಮೊದಲ ಬಲ್ಬಿನ ಮೂಲಕ ಹರಿದು ಎರಡನೆಯದಕ್ಕೆ ಹೋಗುವಂತೆ ಜೋಡಿಸಿ. ಇದು ಸರಣಿ ಜೋಡಣೆ. ಬಲ್ಬುಗಳು ಮಂದವಾಗಿ, ಹಳದಿಯಾಗಿ ಉರಿಯುತ್ತವೆ.

(ಎಚ್ಚರಿಕೆ: ಮನೆಯ ಅಥವಾ ಶಾಲೆಯ ವಿದ್ಯುತ್ ಸಂಪರ್ಕವನ್ನು ಈ ಪ್ರಯೋಗಕ್ಕೆ ಬಳಸಲೇಬೇಡಿ.)

ಆ ಕಾರುಗಳಲ್ಲೂ ನಡೆಯುವುದು ಇದೇ. ರಾತ್ರಿ ಎರಡು ಹೆಡ್‌ಲೈಟುಗಳು ಸಮಾಂತರ ಜೋಡಣೆಯಲ್ಲಿರುತ್ತವೆ. ಪ್ರತಿಯೊಂದಕ್ಕೂ ಬ್ಯಾಟರಿಯ 12 ವೋಲ್ಟ್ ಸಿಗುತ್ತದೆ. ಹಗಲಲ್ಲಿ ಅವು ಸರಣಿಗೆ ಬದಲಾಗುತ್ತವೆ. ಆಗ ಒಂದೊಂದಕ್ಕೆ 6 ವೋಲ್ಟ್ ಮಾತ್ರ. ಬೆಳಕು ಕಡಿಮೆಯಾದರೂ ವಾಹನವನ್ನು ಗುರುತಿಸಲು ಅಷ್ಟು ಸಾಕು. ಎದುರಿನವರ ಕಣ್ಣಿಗೆ ಕುಕ್ಕುವುದಿಲ್ಲ, ಬಲ್ಬೂ ಹೆಚ್ಚು ಕಾಲ ಬಾಳುತ್ತದೆ. ಇಂದಿನ ಕಾರುಗಳಲ್ಲಿ ಹೆಚ್ಚಾಗಿ ಹಗಲು ದೀಪಕ್ಕೆಂದೇ ಸಣ್ಣ ಎಲ್‌ಇಡಿ ಸಾಲು ಇರುತ್ತದೆ. ಅದಕ್ಕೆ ಬೇಕಾಗುವ ವಿದ್ಯುತ್ತು ಬಹಳ ಕಡಿಮೆ.

ಭೂತ ವಾಹನಗಳು!

ಹಗಲು ದೀಪದಿಂದ ಒಂದು ತೊಂದರೆಯೂ ಉಂಟಾಯಿತು. ಅನೇಕ ಕಾರುಗಳಲ್ಲಿ ಮುಂದಿನ ಹಗಲು ದೀಪ ಉರಿದರೂ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಕತ್ತಲಾದಾಗ ಮುಂದೆ ಬೆಳಕು ಕಂಡ ಚಾಲಕ, ಎಲ್ಲ ದೀಪಗಳೂ ಉರಿಯುತ್ತಿವೆ ಎಂದು ತಿಳಿಯುತ್ತಾನೆ. ಹಿಂದಿನಿಂದ ಬರುವವರಿಗೆ ಕಾರು ಕಾಣುವುದೇ ಇಲ್ಲ. ಕೆನಡಾದಲ್ಲಿ ಇಂಥವನ್ನು ‘ಭೂತ ವಾಹನ’ ಎಂದು ಕರೆದರು. ಇದನ್ನು ತಪ್ಪಿಸಲು 2021ರ ಸೆಪ್ಟೆಂಬರಿನಿಂದ ಅಲ್ಲಿ ಹೊಸ ವಾಹನಗಳಿಗೆ ಬೇರೆ ನಿಯಮ ತಂದರು. ಕತ್ತಲಾದಾಗ ಎಲ್ಲ ದೀಪಗಳು ತಾವಾಗಿಯೇ ಉರಿಯಬೇಕು, ಅಥವಾ ಹಗಲು ದೀಪದ ಜೊತೆಗೇ ಹಿಂದಿನ ದೀಪವೂ ಉರಿಯಬೇಕು. ಎರಡೂ ಇಲ್ಲದಿದ್ದರೆ ಚಾಲಕನ ಮುಂದಿನ ಫಲಕ ಕತ್ತಲಾಗಿಯೇ ಇದ್ದು, ದೀಪ ಹಾಕಬೇಕೆಂದು ಅವನಿಗೆ ನೆನಪಿಸಬೇಕು.

ನೆನಪಿಡಿ

ದೀಪ ಕಾಣಲಿಲ್ಲ ಎಂದರೆ ವಾಹನ ಬರುತ್ತಿಲ್ಲ ಎಂದಲ್ಲ. ಸೈಕಲ್ಲು, ಎತ್ತಿನ ಗಾಡಿ, ಹಳೆಯ ಲಾರಿಗಳಿಗೆ ಹಗಲು ದೀಪವಿಲ್ಲ. ಆದ್ದರಿಂದ ರಸ್ತೆ ದಾಟುವ ಮೊದಲು ನಿಂತು, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ. ನಿಮ್ಮ ಬಳಿಯೂ ದೀಪವಿಲ್ಲ, ಅಲ್ಲವೇ? ಮಳೆಗಾಲದ ಮಬ್ಬಿನಲ್ಲಿ ಶಾಲೆಗೆ ಬರುವಾಗ ಕಪ್ಪು ಕೊಡೆಗಿಂತ ಹಳದಿ ಕೊಡೆ ಚಾಲಕರ ಕಣ್ಣಿಗೆ ಬೇಗ ಬೀಳುತ್ತದೆ.

ಯೋಚಿಸಿ ಉತ್ತರಿಸಿ

1. ಸರಣಿ ಜೋಡಣೆಯಲ್ಲಿ ಒಂದು ಬಲ್ಬನ್ನು ತೆಗೆದರೆ ಇನ್ನೊಂದು ಏನಾಗುತ್ತದೆ? ಏಕೆ?
2. ಗಂಟೆಗೆ 90 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಎಷ್ಟು ಮೀಟರ್ ಸಾಗುತ್ತದೆ?
3. ನಿಮ್ಮ ಊರಿನ ರಸ್ತೆಯಲ್ಲಿ ಹಗಲಲ್ಲೂ ವಾಹನ ಸರಿಯಾಗಿ ಕಾಣದ ಜಾಗ ಯಾವುದು? ಕಾರಣ ಬರೆಯಿರಿ.