ಡ್ರಿಲ್ಲಿಂಗ್ ಹೆಲ್ಪರ್ ಕೆಲಸಕ್ಕೆ ಹೋಗಲೇ?

ಐಟಿಐ ಫಿಟ್ಟರ್ ಮುಗಿಸಿದ ನಿಮಗೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಕಡೆ ಕೋರ್ ಡ್ರಿಲ್ಲಿಂಗ್ ಹೆಲ್ಪರ್ ಕೆಲಸ ಸಿಕ್ಕಿದೆ, ಮನೆಯವರು ‘ಬೋರ್‌ವೆಲ್ ಲಾರಿಗೆ ಹೋಗಲು ಓದಬೇಕಿತ್ತೇ?’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಬೋರ್‌ವೆಲ್‌ನವರು ಕಲ್ಲನ್ನು ಪುಡಿಮಾಡಿ ಹೊರಗೆ ಊದುತ್ತಾರೆ. ಇಲ್ಲಿ ವಜ್ರದ ಕಣ ಬೆರೆಸಿದ ಬಳೆಯಂಥ ಬಿಟ್ ಸುತ್ತಲೂ ಕೊರೆದು, ನಡುವಿನ ಕಲ್ಲನ್ನು ಇಡಿಯಾಗಿ ಉಳಿಸುತ್ತದೆ; ಅದೇ ಕೋರ್. ಎನ್‌ಕ್ಯೂ ಎಂಬ ಬಿಟ್ ಅಳತೆಯಲ್ಲಿ ಕೋರ್‌ನ ದಪ್ಪ 47.6 ಮಿ.ಮೀ.

ಮೈಮುರಿಯುವ ಕೆಲಸ, ಅದರಲ್ಲಿ ಅನುಮಾನವಿಲ್ಲ. 3 ಮೀಟರ್ ರಾಡ್ ಒಂದೊಂದೂ 23 ಕೆ.ಜಿ. ಆಸುಪಾಸು; ಎತ್ತಬೇಕು, ಜೋಡಿಸಬೇಕು, ಬೆಂಟೊನೈಟ್ ಜೇಡಿಮಣ್ಣು ಕಲಸಬೇಕು. ಆದರೆ ಹೆಲ್ಪರ್ ಬೆಲೆ ತಿಳಿಯುವುದು ಕೋರ್ ಜೋಡಿಸಿಡುವ ಬಾಕ್ಸ್ ಹತ್ತಿರ. ಕೋರ್ ತುಂಬಿಕೊಳ್ಳುವ ಒಳಕೊಳವೆಯಿಂದ ಬಂದ ತುಂಡುಗಳನ್ನು ಮೇಲಿನ ಸಾಲಿನ ಎಡತುದಿಯಿಂದ ಶುರುಮಾಡಿ, ಮುರಿದ ಬಾಯಿಗೆ ಬಾಯಿ ಕೂಡಿಸಿ ಜೋಡಿಸಿ. ಪ್ರತಿ ರನ್ (ಒಂದು ಸಲದ ಕೊರೆತ) ಕೊನೆಗೆ ಆಳ ಬರೆದ ಬ್ಲಾಕ್ ಇಡಿ. ತುಂಡುಗಳು ಹಿಂದುಮುಂದಾದರೆ ಅದಿರು ಯಾವ ಆಳದಲ್ಲಿದೆ ಎಂಬ ಭೂವಿಜ್ಞಾನಿಯ ಲೆಕ್ಕವೇ ಕೆಡುತ್ತದೆ. ಕೋರ್ ಕಡಿಮೆ ಬಂದರೆ ಮುಚ್ಚಿಡಬೇಡಿ, ತಕ್ಷಣ ಡ್ರಿಲ್ಲರ್‌ಗೆ ಹೇಳಿ.

ತಿರುಗುವ ರಾಡ್ ಬಳಿ ಟವಲ್, ಸಡಿಲ ತೋಳು, ಕೈದಾರ ಬೇಡ. ಗ್ಲೌಸನ್ನೂ ಅದು ಸೆಳೆದುಕೊಂಡೀತು. ಪೂರ್ತಿ ನಿಂತ ಮೇಲೆಯೇ ಕೈ ಹಾಕಿ, ಡ್ರಿಲ್ಲರ್ ಎಷ್ಟೇ ರೇಗಲಿ. (ರೇಗುತ್ತಾರೆ!) ಇಯರ್‌ಪ್ಲಗ್ ಕೇಳಿ ಪಡೆಯಿರಿ.

ನನ್ನ ಮಟ್ಟಿಗೆ, ಹೋಗಿ. ಪಂಪ್ ಬಿಚ್ಚಿ ಕಟ್ಟಬಲ್ಲ ಫಿಟ್ಟರ್ ಕೈ ರಿಗ್ ಮೇಲೆ ಬೇಗ ಕಣ್ಣಿಗೆ ಬೀಳುತ್ತದೆ. ಹೊರಡುವ ಮೊದಲು ಪಿಎಫ್, ವಿಮೆ, ಪಾಳಿಯ ಅವಧಿ, ಕ್ಯಾಂಪಿನ ಊಟದ ಖರ್ಚು, ಕೊರೆದ ಮೀಟರ್ ಲೆಕ್ಕದ ಬೋನಸ್‌ನಲ್ಲಿ ಹೆಲ್ಪರ್ ಪಾಲು ಇಷ್ಟನ್ನೂ ಕಂತ್ರಾಟುದಾರರಿಂದ ಕಾಗದದಲ್ಲಿ ಬರೆಸಿಕೊಳ್ಳಿ.