ದೊಡ್ಡ ಪೋರ್ಟಿನ ಆಸೆ

ಗದ್ದೆಗೆ ನೀರು ಹಾಯಿಸಿದವರಿಗೆ ಈ ಪಾಠ ಅರ್ಧ ಮೊದಲೇ ಗೊತ್ತಿರುತ್ತದೆ. ಬರುವ ನೀರು ಅಷ್ಟೇ ಇದ್ದು ಕಾಲುವೆಯನ್ನು ಮಾತ್ರ ಅಗಲ ಮಾಡಿದರೆ ಹರಿವು ನಿಧಾನವಾಗುತ್ತದೆ, ನೀರು ಹೊತ್ತು ತಂದ ಮಣ್ಣು ಅಲ್ಲಲ್ಲೇ ಹೂಳಾಗಿ ಕೂರುತ್ತದೆ. ಕಿರಿದಾದ ಕಾಲುವೆಯಲ್ಲಾದರೆ ಅದೇ ನೀರು ರಭಸದಿಂದ ಹರಿದು ಮಣ್ಣನ್ನೂ ಕೊನೆಯ ಮಡಿಯವರೆಗೆ ಒಯ್ಯುತ್ತದೆ. ಎಂಜಿನ್ನಿಗೆ ಸಿಲಿಂಡರ್ ಹೆಡ್, ಅಂದರೆ ಗಾಳಿ ಒಳಬರುವ ದಾರಿಗಳಿರುವ ಮೇಲ್ಮುಚ್ಚಳ, ಆರಿಸುವುದೆಂದರೆ ಬಹುಮಟ್ಟಿಗೆ ಇಂಥ ಕಾಲುವೆಯ ಅಗಲವನ್ನು ನಿರ್ಧರಿಸುವುದೇ. ನೀರಿನ ಜಾಗದಲ್ಲಿ ಗಾಳಿ, ಮಣ್ಣಿನ ಜಾಗದಲ್ಲಿ ಪೆಟ್ರೋಲಿನ ಹನಿ.

ಕಲಿಯಲು ಅಮೆರಿಕದ ಷೆವರ್ಲೆ ‘ಸ್ಮಾಲ್ ಬ್ಲಾಕ್’ ವಿ8 ಎಂಜಿನ್ನಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. 1955ರಲ್ಲಿ 265 ಘನ ಅಂಗುಲದ ಎಂಜಿನ್ನಾಗಿ ಬಂದ ಈ ವಂಶದಲ್ಲಿ, 1967ರ ಕಮಾರೊ ಕಾರಿನೊಂದಿಗೆ 350 ಘನ ಅಂಗುಲದ್ದು, ಅಂದರೆ 5.7 ಲೀಟರಿನದು, ಹುಟ್ಟಿತು. ದಶಕಗಳ ಕಾಲ ಲೆಕ್ಕವಿಲ್ಲದಷ್ಟು ಕಾರು, ಟ್ರಕ್ಕುಗಳಿಗೆ ಹಾಕಿದ್ದರಿಂದ ಇದಕ್ಕೆ ಹೆಡ್ ಮಾಡುವ ಬೇರೆ ಕಂಪನಿಗಳೂ ಹತ್ತಾರು: ಎಡೆಲ್‌ಬ್ರಾಕ್, ಡಾರ್ಟ್, ಟ್ರಿಕ್ ಫ್ಲೋ, ಎಎಫ್‌ಆರ್. ಆಯ್ಕೆ ಇಷ್ಟಿರುವುದರಿಂದಲೇ ಹೊಸಬರು ಕಂಗೆಡುತ್ತಾರೆ.

ಹೆಡ್‌ಗಳನ್ನು ಕರೆಯುವುದೇ ಗಾಳಿ ಒಳಬರುವ ದಾರಿಯ, ಅಂದರೆ ಪೋರ್ಟಿನ, ಅಳತೆಯಿಂದ: 180 ಸಿಸಿ, 195 ಸಿಸಿ, 210 ಸಿಸಿ, ಹೀಗೆ. ಸಂಖ್ಯೆ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂದುಕೊಂಡು ದೊಡ್ಡದನ್ನೇ ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ದೊಡ್ಡ ಪೋರ್ಟ್ 6,500 ಆರ್‌ಪಿಎಂ ದಾಟಿದ ಮೇಲೆ ಚೆನ್ನಾಗಿ ಉಸಿರಾಡುತ್ತದೆ, ನಿಜ. ಆದರೆ ಸಿಗ್ನಲ್ಲಿನಿಂದ ಹೊರಡುವಾಗ ಎಂಜಿನ್ ಇರುವುದು 2,000ದ ಆಸುಪಾಸಿನಲ್ಲಿ. ಆಗ ಅಗಲವಾದ ಪೋರ್ಟಿನೊಳಗೆ ಗಾಳಿಗೆ ವೇಗವೇ ಇರುವುದಿಲ್ಲ. ಕಾರ್ಬುರೇಟರ್ ಕೊಟ್ಟ ಪೆಟ್ರೋಲಿನ ಹನಿಗಳು ಗಾಳಿಯಿಂದ ಬೇರೆಯಾಗಿ ಗೋಡೆಗೆ ಅಂಟುತ್ತವೆ. ಕಾಲುವೆಯ ಹೂಳು ಎಂದೆನಲ್ಲ, ಅದೇ. ಪಿಕಪ್ ಸಾಯುತ್ತದೆ. ರಸ್ತೆಯಲ್ಲಿ ಓಡಿಸುವ, 6,000 ಆರ್‌ಪಿಎಂ ಮೀರದ 350ಕ್ಕೆ ನನ್ನನ್ನು ಕೇಳಿದರೆ 180 ಎನ್ನುತ್ತೇನೆ, ಹೆಚ್ಚೆಂದರೆ 195. ಅದಕ್ಕೂ ಮೇಲಿನವು ಇನ್ನೂ ದೊಡ್ಡ ಎಂಜಿನ್ನಿಗೋ ರೇಸ್ ಟ್ರ್ಯಾಕಿಗೋ ಇರಲಿ.

ಪೋರ್ಟಿನಲ್ಲಿ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹರಿಯುತ್ತದೆ ಎಂಬ ಪಟ್ಟಿಯನ್ನೂ ಕಂಪನಿಗಳು ಕೊಡುತ್ತವೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ವಾಲ್ವ್ ಪೂರ್ತಿ ತೆರೆದಾಗಿನ ಅಂಕಿ. ನೀವು ಮಧ್ಯದ ಸಾಲುಗಳನ್ನು ಓದಿ. ವಾಲ್ವ್ ತುತ್ತತುದಿಗೆ ಹೋಗುವುದು ಒಂದೇ ಸಲ, ಮಧ್ಯದ ಎತ್ತರಗಳನ್ನು ದಾಟುವುದು ಏರುವಾಗೊಮ್ಮೆ, ಇಳಿಯುವಾಗೊಮ್ಮೆ. ವಾಲ್ವನ್ನು ತೆರೆಯುವ ನಿಮ್ಮ ಕ್ಯಾಮ್ ಅದನ್ನು ಅರ್ಧ ಅಂಗುಲ ಎತ್ತುವುದಾದರೆ ಮುಕ್ಕಾಲು ಅಂಗುಲದ ಅಂಕಿ ಕಟ್ಟಿಕೊಂಡು ನಿಮಗೇನಾಗಬೇಕು?

ಇನ್ನು ಮಿಶ್ರಣ ಉರಿಯುವ ಗುಂಡಿ, ಚೇಂಬರ್. ಇಲ್ಲಿ ಕಾಗದ, ಪೆನ್ನು ತೆಗೆದುಕೊಳ್ಳಿ. 350ರ ಬೋರ್ 4 ಅಂಗುಲ, ಸ್ಟ್ರೋಕ್ 3.48 ಅಂಗುಲ, ಒಂದು ಸಿಲಿಂಡರಿನ ಗಾತ್ರ ಸುಮಾರು 717 ಸಿಸಿ. ಪಿಸ್ಟನ್ ಮೇಲಿನ ವಾಲ್ವ್ ತಗ್ಗು 5, ಗ್ಯಾಸ್ಕೆಟ್ಟಿನ ದಪ್ಪದಿಂದಾಗುವ ಜಾಗ 9, ಪಿಸ್ಟನ್ ತುದಿಗೂ ಬ್ಲಾಕಿನ ಮೇಲ್ಮೈಗೂ ನಡುವಿನ ಸಂದು 5 ಸಿಸಿ ಎಂದಿಟ್ಟುಕೊಳ್ಳೋಣ. ಚೇಂಬರ್ 64 ಸಿಸಿ ಆದರೆ ಒಟ್ಟು 83. 717ಕ್ಕೆ 83 ಕೂಡಿಸಿ 83ರಿಂದಲೇ ಭಾಗಿಸಿ: ಕಂಪ್ರೆಷನ್ 9.6. ಅದೇ ಬ್ಲಾಕಿಗೆ 76 ಸಿಸಿ ಚೇಂಬರಿನ ಹೆಡ್ ಕೂರಿಸಿದರೆ 8.5ಕ್ಕೆ ಇಳಿಯುತ್ತದೆ. ಬರೀ 12 ಸಿಸಿ ವ್ಯತ್ಯಾಸಕ್ಕೆ ಎಂಜಿನ್ನಿನ ಸ್ವಭಾವವೇ ಬೇರೆ. ಹಾಗಾಗಿ ಒಳಗಿರುವ ಪಿಸ್ಟನ್ ಯಾವುದೆಂದು ತಿಳಿಯದೆ ಹೆಡ್ ಕೊಳ್ಳಬೇಡಿ.

ಅಲ್ಯೂಮಿನಿಯಮ್ಮೋ ಬೀಡು ಕಬ್ಬಿಣವೋ? ಅಲ್ಯೂಮಿನಿಯಂ ಹೆಚ್ಚುಕಡಿಮೆ ಅರ್ಧ ತೂಕ, ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ಆದ್ದರಿಂದ ಅದೇ ಪೆಟ್ರೋಲಿಗೆ ತುಸು ಹೆಚ್ಚು ಕಂಪ್ರೆಷನ್ ತಡೆಯುತ್ತದೆ. ದುಡ್ಡೂ ಹೆಚ್ಚು. ಕೈ ಬಿಗಿಯಿದ್ದರೆ ಬೀಡಿನದಕ್ಕೆ ನಾಚಬೇಕಿಲ್ಲ. 1996ರಿಂದ ಷೆವರ್ಲೆ ತನ್ನ ಟ್ರಕ್ಕುಗಳಿಗೆ ಹಾಕಿದ 64 ಸಿಸಿಯ ‘ವೋರ್ಟೆಕ್’ ಬೀಡಿನ ಹೆಡ್ ಬಹಳ ಚೆನ್ನಾಗಿ ಉಸಿರಾಡುತ್ತದೆ. ಆದರೆ ಅದಕ್ಕೆ ಅದರದೇ ಬೋಲ್ಟ್ ಜಾಗಗಳಿರುವ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕು, ಹಳೆಯದು ಕೂರುವುದಿಲ್ಲ. ಅರ್ಧ ಅಂಗುಲ ಎತ್ತುವ ಕ್ಯಾಮ್ ಹಾಕಿದರೆ ಸ್ಪ್ರಿಂಗಿನ ಮೇಲಿನ ರಿಟೈನರ್ ಕೆಳಗಿನ ಗೈಡಿಗೆ ಬಡಿಯುತ್ತದೆ. ಮೆಷಿನ್ ಶಾಪಿನಲ್ಲಿ ಗೈಡ್ ತಗ್ಗಿಸಿಕೊಳ್ಳಬೇಕು. ಅಗ್ಗವೆಂದು ಕೊಳ್ಳುವ ಮುಂಚೆ ಈ ಎರಡು ಖರ್ಚನ್ನೂ ಕೂಡಿಸಿ ನೋಡಿ.

ಸ್ಪ್ರಿಂಗ್ ಎಂದೆ. ಜೋಡಿಸಿಯೇ ಬರುವ ಹೆಡ್ ಕೊಂಡರೂ ಅದರ ಸ್ಪ್ರಿಂಗ್ ಯಾವ ಕ್ಯಾಮಿಗೆ, ಎಷ್ಟು ಲಿಫ್ಟಿಗೆ ಎಂದು ಕೇಳಿಕೊಳ್ಳಿ. ಕ್ಯಾಮ್ ಕಂಪನಿ ಹೇಳಿದ ಬಿಗಿಗೆ ಅದು ಹೊಂದಲೇಬೇಕು. ಸ್ಪಾರ್ಕ್ ಪ್ಲಗ್ ನೇರ ಇದೆಯೋ ಓರೆ ಇದೆಯೋ ಎಂಬುದನ್ನೂ ನೋಡಿ, ಓರೆಯಾದರೆ ಕೆಲವು ಎಕ್ಸಾಸ್ಟ್ ಪೈಪುಗಳಿಗೆ ತಾಗುತ್ತದೆ.

ಹೆಡ್ ಮನೆಗೆ ಬಂತು ಅನ್ನಿ. ಬಿಗಿಯುವ ಮೊದಲು ಒಂದು ಪಿಸ್ಟನ್ ಮೇಲೆ, ವಾಲ್ವ್ ಇಳಿಯುವ ಜಾಗದಲ್ಲಿ, ಮಕ್ಕಳು ಆಡುವ ಕ್ಲೇ ಮೆತ್ತಿ. ಅದಕ್ಕೆ ತುಸು ಎಣ್ಣೆ ಸವರಿ, ಗ್ಯಾಸ್ಕೆಟ್ ಸಮೇತ ಹೆಡ್ ಕೂರಿಸಿ, ಆ ಸಿಲಿಂಡರಿನ ಪುಷ್‌ರಾಡ್, ರಾಕರ್ ಜೋಡಿಸಿ ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಬಿಚ್ಚಿ, ವಾಲ್ವ್ ಒತ್ತಿದ ಕಡೆ ಕ್ಲೇ ಕೊಯ್ದು ದಪ್ಪ ಅಳೆಯಿರಿ. ಇನ್‌ಟೇಕ್ ಕಡೆ 0.080 ಅಂಗುಲ, ಎಕ್ಸಾಸ್ಟ್ ಕಡೆ 0.100 ಅಂಗುಲವಾದರೂ ಇರಬೇಕು. ಅದಕ್ಕಿಂತ ತೆಳುವಾಗಿದ್ದರೆ ಅಂದಿಗೆ ಸ್ಪ್ಯಾನರ್ ಕೆಳಗಿಡಿ, ಪಿಸ್ಟನ್ ತಗ್ಗನ್ನು ಆಳ ಮಾಡಿಸಿಕೊಂಡು ಬನ್ನಿ.