ಉರುಮಿಗೆ ಅವಸರ ಬೇಡ

ಬೆಂಗಳೂರಿನಲ್ಲೂ ಈಗ ಕೇರಳದ ಸಮರಕಲೆ ಕಳರಿಪಯಟ್ಟು ಕಲಿಸುವವರಿದ್ದಾರೆ. ಸೇರಿದ ತಿಂಗಳಿಗೇ "ಕತ್ತಿ ಯಾವಾಗ ಕೊಡ್ತೀರಿ?" ಎನ್ನುವ ಹುಡುಗ ಹುಡುಗಿಯರಿಗೆ ಈ ಮಾತು. ಮುದುಕನ ಗೊಣಗಾಟ ಎಂದುಕೊಂಡರೂ ಬೇಸರವಿಲ್ಲ.

• ಉತ್ತರ ಮಲಬಾರಿನ ಪದ್ಧತಿಯಲ್ಲಿ ಕಲಿಕೆಗೆ ನಾಲ್ಕು ಹಂತ: ಮೆಯ್‌ತಾರಿ, ಕೋಲ್‌ತಾರಿ, ಅಂಗತಾರಿ, ವೆರುಂಕೈ. ಮೊದಲು ಮೈ ಪಳಗಬೇಕು, ಆಮೇಲೆ ಮರದ ಆಯುಧ, ಬಳಿಕ ಲೋಹದ್ದು, ಕೊನೆಗೆ ಬರಿಗೈ. ಬರಿಗೈ ಕೊನೆಗೇಕೆ? ಆಯುಧ ಹಿಡಿದವನೆದುರು ಏನೂ ಇಲ್ಲದೆ ನಿಲ್ಲಬೇಕಾದರೆ ಅವನ ಏಟು ಎಲ್ಲಿಂದ ಹೊರಟು ಎಲ್ಲಿಗೆ ಬೀಳುತ್ತದೆಂದು ಗೊತ್ತಿರಬೇಕಲ್ಲ! ಆಯುಧ ಬಲ್ಲವರಿಗೇ ಅದು ಗೊತ್ತು.

• ಗಜ, ಸಿಂಹ, ಅಶ್ವ, ವರಾಹ, ಸರ್ಪ, ಮಾರ್ಜಾರ, ಕುಕ್ಕುಟ, ಮಯೂರ. ಸಾಮಾನ್ಯವಾಗಿ ಹೇಳಿಕೊಡುವ ವಡಿವುಗಳು, ಅಂದರೆ ಪ್ರಾಣಿಭಂಗಿಗಳು, ಈ ಎಂಟು. ತೊಡೆ ನಡುಗುವವರೆಗೆ ಇವುಗಳಲ್ಲಿ ನಿಲ್ಲಿ. ಏಕೆಂದರೆ ಮುಂದೆ ಈಟಿ ತಿವಿಯುವ ಬಲ ಹಿಮ್ಮಡಿಯಿಂದ ಹೊರಟು ಸೊಂಟದ ಮೂಲಕ ಬರಬೇಕು. ಬರೀ ತೋಳಿನಿಂದ ತಿವಿದರೆ ತೋಳೇ ಸೋಲುತ್ತದೆ.

• ನೇರ್‌ಕಾಲ್, ವೀತುಕಾಲ್ ಎಂಬ ಕಾಲೆತ್ತುಗಳನ್ನು ದಿನವೂ ಮಾಡಿ. ಇದಕ್ಕೆ ಹೆಚ್ಚು ವಿವರಣೆ ಬೇಡ.

• ಕಲಿಸುವ ಗುರುಕ್ಕಳ್ ಬಾಯಲ್ಲಿ ಆಜ್ಞೆಯಾಗಿ ಹೇಳುತ್ತಾ ಹೋಗುವ ವಾಯ್‌ತಾರಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಡಿ, ಕಿವಿಯಲ್ಲಿ ತುಂಬಿಕೊಳ್ಳಿ. ಮಲಯಾಳ ಬಾರದೆಂದು ಹೆದರುವುದೂ ಬೇಡ. ಮಾತು ಮುಗಿಯುವಷ್ಟರಲ್ಲಿ ಮೈ ತಿರುಗಿರಬೇಕು. ಅದೇನೆಂದು ಮನಸ್ಸು ಅರ್ಥ ಹುಡುಕುತ್ತಿದ್ದರೆ ಇನ್ನೂ ಕಲಿತಿಲ್ಲ ಎಂದೇ ಲೆಕ್ಕ.

• ಮೊದಲು ಸಿಗುವ ಆಯುಧ ಕೆಟ್ಟುಕಾರಿ, ಹೆಚ್ಚುಕಡಿಮೆ ಆಳೆತ್ತರದ ಕೋಲು. ಹುಡುಗರಿಗೆ ಇದರ ಮೇಲೆ ಅಸಡ್ಡೆ, ನನಗೆ ಇದರ ಮೇಲೇ ಹೆಚ್ಚು ನಂಬಿಕೆ. ಎದುರಾಳಿಯಿಂದ ಎಷ್ಟು ದೂರ ನಿಲ್ಲಬೇಕೆಂದು ಕಲಿಸುವುದೇ ಇದು. ಜೋಡಿ ಅಭ್ಯಾಸದಲ್ಲಿ ಯಾರು ಎಲ್ಲಿಗೆ ಹೊಡೆಯಬೇಕು, ಯಾರು ತಡೆಯಬೇಕೆಂದು ಮೊದಲೇ ಗೊತ್ತು, ಹಾಗಾಗಿ ಗೆಲ್ಲುವ ಹಟ ಬೇಡ. ನಿಧಾನವಾಗಿ ಶುರುಮಾಡಿ, ಕೋಲಿಗೆ ಕೋಲು ತಾಗುವ ಸದ್ದು ಕೇಳಿಸಿಕೊಳ್ಳಿ. ಸದ್ದಿನ ಲಯ ತಪ್ಪಿದರೆ ಇಬ್ಬರಲ್ಲೊಬ್ಬರು ಅವಸರಪಟ್ಟಿದ್ದೀರಿ. ಅಲ್ಲೇ ನಿಲ್ಲಿಸಿ, ಮೊದಲಿಂದ ಮಾಡಿ. ಮುಂದೆ ಬರುವ ಚೆರುವಡಿ ಮೂರು ಗೇಣಿನದು. ಅಂತರ ಕುಗ್ಗುತ್ತದೆ, ಏಟುಗಳು ಒಂದರ ಹಿಂದೊಂದು ಸುರಿಯುತ್ತವೆ. ಉದ್ದ ಕೋಲಿನಲ್ಲಿ ದೂರದ ಅಂದಾಜು ಸಿಗದವರ ಬೆರಳ ಗೆಣ್ಣು ಇಲ್ಲಿ ಒಡೆಯುತ್ತದೆ. ಆಮೇಲೆ ಆನೆಯ ದಂತದ ಹಾಗೆ ಬಾಗಿದ ಒಟ್ಟ. ಅದರ ಗುರಿ ಮರ್ಮಸ್ಥಾನಗಳು. ಮೈ ಬಗ್ಗದವರ ಕೈಯಲ್ಲಿ ಅದು ಬರೀ ಕಟ್ಟಿಗೆ.

• ಮೊಬೈಲಿನಲ್ಲಿ ತಮಿಳುನಾಡಿನ ಸಿಲಂಬಂ ನೋಡಿ ಒಂದು ಸುತ್ತು, ಫಿಲಿಪ್ಪೀನ್ಸಿನ ಜೋಡಿಕೋಲು ನೋಡಿ ಒಂದು ವರಸೆ ಎಂದು ಕೂಡಿಹಾಕಬೇಡಿ. ಅವು ಕೀಳೆಂದಲ್ಲ. ಒಂದೊಂದಕ್ಕೂ ಅದರದೇ ಹೆಜ್ಜೆಗಾರಿಕೆಯಿದೆ. ಹೆಜ್ಜೆ ಬಿಟ್ಟು ಕೈಚಳಕ ಮಾತ್ರ ತಂದರೆ ಏಟು ಬೀಳುವ ಹೊತ್ತಿಗೆ ಕಾಲು ಒಂದು ಕಡೆ, ಕೈ ಒಂದು ಕಡೆ. ಅದೂ ಅಲ್ಲದೆ, ಇಪ್ಪತ್ತು ವರಸೆಗಳಲ್ಲಿ ಯಾವುದನ್ನು ಆರಿಸಲಿ ಎಂದು ಯೋಚಿಸಲು ಎದುರಾಳಿ ಪುರುಸೊತ್ತು ಕೊಡುವುದಿಲ್ಲ.

• ವಿಡಿಯೊ ನೋಡಲೇಬೇಕೆಂದರೆ ವಡಗರದ ಮೀನಾಕ್ಷಿ ಅಮ್ಮನವರದನ್ನು ನೋಡಿ. ಬಾಲ್ಯದಲ್ಲೇ ಕಳರಿಗಿಳಿದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಎಪ್ಪತ್ತು ದಾಟಿದ ಮೇಲೂ ಸೀರೆಯುಟ್ಟು ಗುರಾಣಿ ಹಿಡಿದು ಆಡುತ್ತಾರೆ. ಕತ್ತಿ ನೋಡಬೇಡಿ, ಮೊಣಕಾಲು ಎಷ್ಟು ಕೆಳಗಿಳಿಯುತ್ತದೆ ನೋಡಿ.

• ಮೈಗೆ ಎಣ್ಣೆ ಹಚ್ಚುವುದು, ನಿದ್ದೆ ತಪ್ಪಿಸಬೇಡಿ. ಮಳೆಗಾಲದಲ್ಲಿ ಉಳಿಚ್ಚಿಲ್ ಎಂಬ ಎಣ್ಣೆ ಮಾಲೀಸು ಮಾಡಿಸಿಕೊಳ್ಳುವ ಅವಕಾಶ ಸಿಕ್ಕರೆ ಬಿಡಬೇಡಿ.

• ಉರುಮಿ ಸೊಂಟಕ್ಕೆ ಸುತ್ತಿಕೊಳ್ಳುವಷ್ಟು ಬಳುಕುವ ಅಲಗು. ಬೀಸಿದ ಮೇಲೆ ಅದು ಮರಳಿ ಬರುವುದು ಬೀಸಿದವರ ಕಡೆಗೇ. ಅದಕ್ಕೇ ಆಯುಧಗಳಲ್ಲಿ ಅದನ್ನು ಕಟ್ಟಕಡೆಗೆ ಇಟ್ಟಿರುವುದು. ಆನ್‌ಲೈನಿನಲ್ಲಿ ಕೊಂಡು ಮನೆಯ ತಾರಸಿಯ ಮೇಲೆ ಬೀಸಬೇಡಿ. ಮೊದಲ ವರ್ಷವೇ ಉರುಮಿ ಕೊಡುತ್ತೇವೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಅಲ್ಲಿಗೆ ಸೇರಲೇಬೇಡಿ.